ಸೋತವನನ್ನು ನೋಡುವುದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಕಂಠೀರವ ಕ್ರೀಡಾಂಗಣಕ್ಕೆ ಫುಟ್‌ಬಾಲ್ ನೋಡಲು ಹೋದರೆ ಎಲ್ಲಿ ಕೂರಬೇಕು ಎಂಬುದನ್ನು ಈ ವಾರ ಬರೆಯುತ್ತೇನೆಂದು ಹೇಳಿದ್ದೆ. ಕೇಳಿದವರು ತಿ. ನರಸೀಪುರದ ಓದುಗರೊಬ್ಬರು. ಮಗನಿಗೆ ಎಂಟು, ಮಗಳಿಗೆ ಐದು. ಇಬ್ಬರಿಗೂ ಬೆಂಗಳೂರು ಎಫ್‌ಸಿಯ ಒಂದು ಪಂದ್ಯ ತೋರಿಸಬೇಕೆಂದು ಇವರಿಗೆ ಆಸೆ. "ಈ ವಯಸ್ಸಿಗೆ ಏನ್ ಗೊತ್ತಾಗುತ್ತೆ, ಸುಮ್ನೆ ದುಡ್ಡು ದಂಡ, ಮಕ್ಕಳಿಗೂ ಆಯಾಸ" ಎನ್ನುವುದು ಮನೆಯ ಹಿರಿಯರ ವಾದ.

ಮೊದಲು ಕೊಟ್ಟ ಮಾತು. ಮೈದಾನಕ್ಕೂ ಪ್ರೇಕ್ಷಕರಿಗೂ ನಡುವೆ ಓಟದ ಟ್ರ್ಯಾಕ್ ಇರುವ ಕ್ರೀಡಾಂಗಣ ಅದು. ಹಾಗಾಗಿ ಕೆಳಗಿನ ಸಾಲು ಹತ್ತಿರ ಎಂದು ಮೋಸಹೋಗಬೇಡಿ. ಕೆಳಗೆ ಕೂತರೆ ಮಕ್ಕಳಿಗೆ ಮುಂದಿನವರ ಬೆನ್ನು ಮತ್ತು ಜಾಹೀರಾತಿನ ಹಲಗೆಗಳೇ ಕಾಣುವುದು. ಮೇಲಿನ ಸಾಲಿಗೆ ಹೋಗಿ. ಇಡೀ ಮೈದಾನ ಅಂಗೈ ಮೇಲಿಟ್ಟಂತೆ ಕಾಣುತ್ತದೆ. ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಅಭಿಮಾನಿ ಬಳಗದವರು ನಿಂತೇ ಹಾಡುತ್ತಾರೆ, ಡೋಲು ಬಡಿಯುತ್ತಾರೆ. ಅವರು ಕಣ್ಣಿಗೆ ಕಾಣಬೇಕು, ಕಿವಿಗೆ ದೂರವಿರಬೇಕು, ಅಂಥ ಜಾಗ ಹಿಡಿಯಿರಿ. ಐದು ವರ್ಷದ ಮಗುವಿಗೆ ಕಿವಿ ಮುಚ್ಚುವ ಇಯರ್‌ಮಫ್ ಹಾಕಿದರೆ ಒಳ್ಳೆಯದು. ಕಾರಿನಲ್ಲಿ ಹೋಗುವವರು ಊರೊಳಕ್ಕೆ ನುಗ್ಗದೆ ಕೆಂಗೇರಿಯಲ್ಲೇ ನೇರಳೆ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿಯಬಹುದು; ಅಲ್ಲಿಂದ ನಡೆದೇ ಹೋಗುವಷ್ಟು ದೂರ. ಪಂದ್ಯಗಳು ಹೆಚ್ಚಾಗಿ ಸಂಜೆ ಏಳೂವರೆಯ ಹೊತ್ತಿಗೆ. ಮುಗಿಯುವಷ್ಟರಲ್ಲಿ ಮಕ್ಕಳು ನಿದ್ದೆಗಣ್ಣಿನಲ್ಲಿರುತ್ತಾರೆ. ಆ ರಾತ್ರಿಯೇ ನೂರೈವತ್ತು ಕಿಲೋಮೀಟರ್ ವಾಪಸ್ ಬರುವ ಹಟ ಬೇಡ. ಬೆಂಗಳೂರಿನಲ್ಲಿ ನೆಂಟರಿಲ್ಲದ ಮನೆ ನಮ್ಮ ಕಡೆ ಯಾವುದಿದೆ?

ಇನ್ನು ಹಿರಿಯರ ವಾದ. "ತಿಳಿವಳಿಕೆ ಬರಲಿ, ಆಮೇಲೆ ಕರೆದುಕೊಂಡು ಹೋಗೋಣ" ಎನ್ನುವ ಈ ಪಂಥದ ಜೊತೆ ನನ್ನ ಜಗಳ ಹಳೆಯದು. ನಂಜನಗೂಡಿನ ದೊಡ್ಡ ಜಾತ್ರೆಗೆ ಇದೇ ಹಿರಿಯರು ಕೈಗೂಸುಗಳನ್ನೂ ಎತ್ತಿಕೊಂಡು ಬರುತ್ತಾರೆ. ಐದು ತೇರುಗಳು ರಥಬೀದಿಯಲ್ಲಿ ಒಂದರ ಹಿಂದೊಂದು ಹೊರಟಾಗ, ಗೌತಮ ರಥದ ಮಿಣಿ ಬಿಗಿಯಾದ ಗಳಿಗೆಯಲ್ಲಿ, ಎಷ್ಟು ಅಪ್ಪಂದಿರ ಹೆಗಲ ಮೇಲೆ ಎಷ್ಟು ಮಕ್ಕಳು ಕೂತಿರುತ್ತವೆ ನೋಡಿ. ಆ ಮಗುವಿಗೆ ಶ್ರೀಕಂಠೇಶ್ವರನ ಮಹಿಮೆ ತಿಳಿದಿದೆಯೇ ಎಂದು ಯಾರೂ ಕೇಳುವುದಿಲ್ಲ. ತಿ. ನರಸೀಪುರದ ತಿರುಮಕೂಡಲಿನ ಕುಂಭಮೇಳ 1989ರಲ್ಲಿ ಶುರುವಾದದ್ದು. 2025ರ ಫೆಬ್ರುವರಿಯಲ್ಲೂ ನಡೆಯಿತು. ಕಾವೇರಿ ಕಪಿಲೆ ಕೂಡುವ ಆ ನೀರಿನಲ್ಲಿ ಮಕ್ಕಳನ್ನು ಮೀಯಿಸಿದ ತಾಯಂದಿರು ತಿಳಿವಳಿಕೆ ಬರುವ ತನಕ ಕಾಯಲಿಲ್ಲ. ಜನಜಂಗುಳಿಯಲ್ಲಿ ಮಗುವನ್ನು ಎಲ್ಲಿ ಹಿಡಿಯಬೇಕು, ಯಾವಾಗ ನೀರು ಕೊಡಬೇಕು, ಯಾವ ಮೂಲೆಯಲ್ಲಿ ಉಸಿರಾಡಲು ಜಾಗವಿದೆ ಎಂಬ ವಿದ್ಯೆ ಈ ಎರಡೂ ತಾಲ್ಲೂಕಿನ ಮನೆಮನೆಯಲ್ಲಿದೆ. ತೇರಿಗೆ ಸಾಕಾಗುವ ಆ ವಿದ್ಯೆ ಆಟಕ್ಕೂ ಸಾಕು.

ತಿಳಿಯುವುದಿಲ್ಲ ಎನ್ನುವುದೂ ಸುಳ್ಳು. ಮಕ್ಕಳಿಗೆ ತಿಳಿಯುವುದು ಬೇರೆಯದು, ಅಷ್ಟೆ. ದೊಡ್ಡವರು ಚೆಂಡಿನ ಹಿಂದೆ ಹೋಗುತ್ತಾರೆ. ಮಗು ಅಂಚಿನ ಗೆರೆಯುದ್ದಕ್ಕೂ ಬಾವುಟ ಹಿಡಿದು ಓಡುವ ಲೈನ್ಸ್‌ಮನ್ನನ್ನು ನೋಡುತ್ತದೆ. ಚೆಂಡು ಆ ತುದಿಯಲ್ಲಿದ್ದಾಗ ಈ ತುದಿಯಲ್ಲಿ ಒಬ್ಬನೇ ನಿಂತು ತನ್ನವರಿಗೆ ಕೂಗಿ ಕೂಗಿ ಹೇಳುತ್ತಿರುವ ಗೋಲಿಯನ್ನು ನೋಡುತ್ತದೆ. ಆಡಲು ಕರೆ ಬಾರದೆ ಅಂಚಿನಲ್ಲಿ ಓಡಾಡುತ್ತಿರುವ ಬದಲಿ ಆಟಗಾರನನ್ನು ನೋಡುತ್ತದೆ. ಟಿ.ವಿಯಲ್ಲಿ ಇವರಾರೂ ಇಲ್ಲ. ಅಲ್ಲಿ ನೋಡುವವನು ಕ್ಯಾಮೆರಾದವನು. ಅವನು ನೋಡಿದ್ದನ್ನು ನಾವು ಎರಡನೇ ಸಲ ನೋಡುತ್ತೇವೆ. ಮೈದಾನದಲ್ಲಿ ಕಣ್ಣು ಎತ್ತ ತಿರುಗಬೇಕೆಂಬುದು ಮಗುವಿನದೇ ತೀರ್ಮಾನ. ಆಟ ನೋಡುವುದನ್ನು ಕಲಿಯುವುದು ಇಲ್ಲಿಂದಲೇ. ಆಫ್‌ಸೈಡ್ ಏನೆಂಬುದನ್ನು ಹತ್ತು ವರ್ಷಕ್ಕೆ ಹೇಳಿಕೊಟ್ಟರೂ ನಡೆಯುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಟಿ.ವಿ ತೋರಿಸದೆ ಬಿಡುವುದು ಸೋತವನನ್ನು. 2023ರ ಜುಲೈ 4ರಂದು ಇದೇ ಕಂಠೀರವದಲ್ಲಿ ಸ್ಯಾಫ್ ಫುಟ್‌ಬಾಲ್ ಚಾಂಪಿಯನ್‌ಷಿಪ್‌ನ ಫೈನಲ್ ನಡೆಯಿತು. ಭಾರತ ಮತ್ತು ಕುವೈತ್ ಒಂದೊಂದು ಗೋಲು ಹೊಡೆದು ಸಮವಾಗಿ, ಪೆನಾಲ್ಟಿಯಲ್ಲಿ ಭಾರತ 5-4ರಿಂದ ಗೆದ್ದಿತು. ಕೊನೆಯ ಒದೆತವನ್ನು ಗುರ್‌ಪ್ರೀತ್ ಸಿಂಗ್ ಸಂಧು ಹಾರಿ ತಡೆದರು. ಪರದೆಯ ಮುಂದೆ ಕೂತವರಿಗೆ ಗುರ್‌ಪ್ರೀತ್ ಕಂಡರು, ಅವರ ಮೇಲೆ ಬಿದ್ದ ಜೊತೆಗಾರರು ಕಂಡರು, ಕಪ್ ಕಂಡಿತು. ಒದ್ದವನು ಎಲ್ಲಿಗೆ ಹೋದ? ನೂರಕ್ಕೂ ಹೆಚ್ಚು ಅಡಿ ದೂರದಲ್ಲಿ ನಿಂತ ತನ್ನವರ ಕಡೆಗೆ ಒಬ್ಬನೇ ನಡೆಯಬೇಕಾದ ಆ ದಾರಿ ಪೆನಾಲ್ಟಿ ಕಳೆದುಕೊಂಡ ಪ್ರತಿಯೊಬ್ಬನ ಪಾಲಿಗೂ ಇದ್ದೇ ಇರುತ್ತದೆ. ಗ್ಯಾಲರಿಯಲ್ಲಿ ಕೂತ ಮಗುವಿಗೆ ಮಾತ್ರ ಅದು ಪೂರ್ತಿ ಕಾಣುವುದು. ಮನೆಯಲ್ಲಿ ರಿಮೋಟಿನಿಂದ ಚಾನೆಲ್ ಬದಲಿಸಿದಂತೆ ಸೋಲನ್ನು ಬದಲಿಸಲಾಗದು ಎಂಬುದನ್ನು ಎಂಟು ವರ್ಷದ ಹುಡುಗನಿಗೆ ಮಾತಿನಲ್ಲಿ ಹೇಳಿದರೆ ಅವನು ಕೇಳುವುದಿಲ್ಲ. ನೋಡಿದರೆ ಮರೆಯುವುದಿಲ್ಲ.

ಫುಟ್‌ಬಾಲಿಗ ಸುನಿಲ್ ಛೆಟ್ರಿ 2018ರ ಜೂನ್‌ನಲ್ಲಿ ಮಾಡಿದ ಮನವಿ ನನ್ನ ಮಟ್ಟಿಗೆ ನಮ್ಮ ಕಾಲದ ಕ್ರೀಡಾ ಮಾತುಗಳಲ್ಲೇ ದೊಡ್ಡದು. ಮುಂಬೈಯಲ್ಲಿ ಭಾರತ ಚೈನೀಸ್ ತೈಪೆ ತಂಡವನ್ನು 5-0ಯಿಂದ ಸೋಲಿಸಿತ್ತು. ಅವರದೇ ಮೂರು ಗೋಲು. ನೋಡಲು ಬಂದವರು 2,569 ಮಂದಿ. ಮರುದಿನ ಅವರು ವಿಡಿಯೊದಲ್ಲಿ ಬಂದು ಕೈಮುಗಿದು ಕೇಳಿದ್ದರ ಸಾರ ಇಷ್ಟೇ: ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬಂದು ಮಾಡಿ. ಕೆನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಟಿಕೆಟ್‌ಗಳೆಲ್ಲ ಖಾಲಿಯಾದವು. ಗೆಲ್ಲುತ್ತೇವೆ, ಬನ್ನಿ ಎಂದು ಅವರು ಕರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಬೈಯುವುದಕ್ಕಾದರೂ ಬನ್ನಿ ಎಂದು ಕರೆದರು.

ಭಯದ ಮಾತನ್ನೂ ಆಡಲೇಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತ ಮೇಲೆ, ಮಕ್ಕಳನ್ನು ಎಲ್ಲಿಗೂ ಕಳಿಸೆವು ಎಂದು ತೀರ್ಮಾನಿಸಿದ ಮನೆಗಳು ನನಗೆ ಗೊತ್ತು. ಅವರನ್ನು ಆಕ್ಷೇಪಿಸಲಾರೆ. ಆದರೆ ಅಂದು ಅಲ್ಲಿ ಆಟವೇ ಇರಲಿಲ್ಲ. ಐಪಿಎಲ್ ಫೈನಲ್ ಹಿಂದಿನ ದಿನ ಅಹಮದಾಬಾದಿನಲ್ಲಿ ಮುಗಿದಿತ್ತು. ಗೆದ್ದವರ ಮೆರವಣಿಗೆಗೆ ಜನರನ್ನು ಕರೆದು, ಬಂದ ಜನರಿಗೆ ಜಾಗ ಮಾಡದೆ ಹೋದರು. ಸತ್ತವರ ತಪ್ಪು ಅದರಲ್ಲಿ ಏನೂ ಇಲ್ಲ. ಪಂದ್ಯದ ದಿನದ ಲೆಕ್ಕ ಬೇರೆ: ಪ್ರತಿಯೊಬ್ಬನಿಗೂ ಟಿಕೆಟ್ಟು, ಸೀಟು, ಗೇಟಿನ ಸಂಖ್ಯೆ ಇರುತ್ತದೆ. ಆದರೂ ಮಕ್ಕಳಿರುವವರು ಆಟ ಶುರುವಾಗುವುದಕ್ಕೆ ಒಂದು ಗಂಟೆ ಮೊದಲೇ ಒಳಗಿರಬೇಕು. ಮಗುವಿನ ತೋಳಿನ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆದಿರಬೇಕು. ಮುಗಿದ ಕೂಡಲೇ ಏಳಬಾರದು; ಕೂತಲ್ಲೇ ಕೂತು ಮೆಟ್ಟಿಲು ಖಾಲಿಯಾಗುವುದನ್ನು ಕಾಯಬೇಕು. ಸೋತ ತಂಡ ಚಪ್ಪಾಳೆ ತಟ್ಟುತ್ತ ತನ್ನ ಅಭಿಮಾನಿಗಳ ಬಳಿಗೆ ಹೋಗುವುದು ಆ ಹತ್ತು ನಿಮಿಷದಲ್ಲೇ.

ಇಷ್ಟು ಬರೆದ ಮೇಲೆ ಫುಟ್‌ಬಾಲ್ ಇಲ್ಲಿಗೆ ಸಾಕು ಎನ್ನಿಸುತ್ತಿದೆ. ಸೋತವನನ್ನು ತೋರಿಸುವುದೇ ಉದ್ದೇಶವಾದರೆ ಕೇಳಿದವರ ಮನೆಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ ಇನ್ನೊಂದು ಜಾಗವಿದೆ. ಕಪಿಲೆ ನಂಜನಗೂಡು ದಾಟಿ ತಿರುಮಕೂಡಲಿಗೆ ಹೋಗುವ ದಾರಿಯಲ್ಲಿ ಸುತ್ತೂರು ಇದೆ. ಜನವರಿ-ಫೆಬ್ರುವರಿಯ ಹೊತ್ತಿಗೆ ಅಲ್ಲಿ ಆರು ದಿನದ ಜಾತ್ರೆ. ದನಗಳ ಜಾತ್ರೆ, ಸಾಮೂಹಿಕ ವಿವಾಹ, ಗಾಳಿಪಟ, ಭಜನಾ ಮೇಳ ಎಲ್ಲ ಸರಿ; ನನಗೆ ಮುಖ್ಯವಾದದ್ದು ನಾಡಕುಸ್ತಿ. ನಡೆಯುವುದು ಹಗಲು ಹೊತ್ತಿನಲ್ಲಿ. ನಂಜನಗೂಡು, ತಿ. ನರಸೀಪುರ ಎರಡೂ ಊರಿನವರು ಮಧ್ಯಾಹ್ನ ಊಟ ಮಾಡಿ ಹೊರಟು ಕತ್ತಲಾಗುವಷ್ಟರಲ್ಲಿ ಮನೆ ಸೇರಬಹುದು.

ಸಣ್ಣ ಮಗುವಿಗೆ ಕುಸ್ತಿಯಷ್ಟು ಸುಲಭವಾಗಿ ಒಳಕ್ಕೆ ಇಳಿಯುವ ಆಟ ಇನ್ನೊಂದಿಲ್ಲ. ನಿಯಮ ಒಂದೇ: ಬೆನ್ನು ಮಣ್ಣಿಗೆ ತಾಗಿದರೆ ಚಿತ್. ಫುಟ್‌ಬಾಲ್ ಎರಡನೆಯದು, ಕ್ರಿಕೆಟ್ ಕೊನೆಯದು. ಈ ಕ್ರಮವನ್ನು ನಾನು ಬದಲಿಸುವುದಿಲ್ಲ. ಅಖಾಡ ಎಂದರೆ ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಂಪು ಮಣ್ಣು. ಪೈಲ್ವಾನ ಇಳಿಯುವಾಗ ಮೊದಲು ಮಟ್ಟಿ ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ತೊಡೆ ತಟ್ಟಿದ ಸದ್ದು ಕೊನೆಯ ಸಾಲಿಗೂ ಕೇಳುತ್ತದೆ. ಬೆವರಿಗೆ ಮೈ ಜಾರತೊಡಗಿದರೆ ಒಬ್ಬರ ಮೈಗೆ ಒಬ್ಬರು ಮಣ್ಣು ಎರಚಿಕೊಳ್ಳುತ್ತಾರೆ, ಹಿಡಿತ ಸಿಗಲೆಂದು. ಎದುರಾಳಿಯ ಕೈಗೆ ಹಿಡಿತ ಸಿಗುವಂತೆ ತಾನೇ ನೆರವಾಗುವ ಆಟ ಇದು. ಇದನ್ನು ನೋಡಿ ಬಂದ ನನ್ನ ತಂಗಿಯ ಮಗಳು ಮನೆಯಲ್ಲಿ ಹೇಳಿದ ಮೊದಲ ಮಾತೇ ಅದು: "ಅವನಿಗೆ ಇವನೇ ಮಣ್ಣು ಹಚ್ಚಿದ, ದೊಡ್ಡಮ್ಮ!" ಗೆದ್ದವರಾರೆಂದು ಅವಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಇಂಥ ಕಡೆ ಮೊದಲು ಬಿಡುವುದು ಸಾಮಾನ್ಯವಾಗಿ ಪುಟ್ಟ ಹುಡುಗರ ಜೋಡಿಗಳನ್ನೇ. ತನ್ನಷ್ಟೇ ಎತ್ತರದ ಹುಡುಗ ಸೋತು, ಮಣ್ಣು ಕೊಡವಿಕೊಂಡು ಉಸ್ತಾದರ ಹತ್ತಿರ ಬಂದು ನಿಲ್ಲುತ್ತಾನೆ. ಉಸ್ತಾದರು ಅವನ ಬೆನ್ನು ತಟ್ಟಿ, ಎಲ್ಲಿ ಕಾಲು ತಪ್ಪಿತೆಂದು ಅಲ್ಲೇ ತೋರಿಸುತ್ತಾರೆ. ಗೆದ್ದವನನ್ನು ಹೆಗಲ ಮೇಲೆ ಹೊತ್ತುಕೊಂಡು ಜನ ಒಂದು ಸುತ್ತು ಹಾಕುವ ಹೊತ್ತಿನಲ್ಲಿ ಸೋತವನ ಪಾಠ ಶುರುವಾಗಿರುತ್ತದೆ. ಎಂಟು ವರ್ಷದ ಹುಡುಗನನ್ನು ಕೂರಿಸಬೇಕಾದದ್ದು ಇದು ಕಾಣುವ ಕಡೆ, ಉಸ್ತಾದರು ಕೂತಿರುವ ಬದಿಗೆ.

ಮ್ಯಾಟ್ ಪಂಥದವರು ಈ ಮಾತಿಗೆ ಸುಮ್ಮನಿರುವುದಿಲ್ಲ. ಒಲಿಂಪಿಕ್ಸ್ ಪದಕ ಬರುವುದು ಮ್ಯಾಟಿನಿಂದ, ಮಣ್ಣಿನಿಂದಲ್ಲ ಎನ್ನುತ್ತಾರೆ. ಆಡುವವರಿಗೆ ಅದು ನಿಜ. ಮ್ಯಾಟಿನ ಮೇಲೆ ಕಲಿಯಲಿ, ಪದಕ ತರಲಿ. ನೋಡಲು ಕಲಿಯುತ್ತಿರುವ ಮಗುವಿಗೆ ಮಾತ್ರ ಪಾಯಿಂಟಿನ ಕುಸ್ತಿ ಬೇಡ. ಯಾರಿಗೆ ಎರಡು, ಯಾರಿಗೆ ನಾಲ್ಕು ಎಂದು ಬೋರ್ಡು ನೋಡುತ್ತ ಕೂತರೆ ಅದೂ ಇನ್ನೊಂದು ಪರದೆಯೇ ಆಯಿತು.

ವಿರಾಟಪರ್ವವನ್ನು ನೆನೆಯದೆ ಕುಸ್ತಿಯ ಬಗ್ಗೆ ಬರೆಯಲು ನನ್ನಿಂದ ಆಗದು. ಪಾಂಡವರ ಅಜ್ಞಾತವಾಸದ ನಾಲ್ಕನೆಯ ತಿಂಗಳು. ವಿರಾಟನ ಊರಿನಲ್ಲಿ ಬ್ರಹ್ಮೋತ್ಸವ. ದಿಕ್ಕುದಿಕ್ಕಿನಿಂದ ಮಲ್ಲರು ಬರುತ್ತಾರೆ. ಅವರಲ್ಲಿ ಜೀಮೂತನೆಂಬವನು ಅಖಾಡದಲ್ಲಿ ನಿಂತು ಎಲ್ಲರನ್ನೂ ಕರೆಯುತ್ತಾನೆ, ಒಬ್ಬರೂ ಮುಂದೆ ಬರುವುದಿಲ್ಲ. ರಾಜ ತನ್ನ ಅಡುಗೆಯವನನ್ನು ಇಳಿಸುತ್ತಾನೆ. ಗುರುತು ಸಿಕ್ಕೀತೆಂಬ ಅಳುಕಿನಲ್ಲೇ ಭೀಮ ಇಳಿಯುತ್ತಾನೆ, ಎದುರಾಳಿಯನ್ನು ಎತ್ತಿ ಗಿರಗಿರನೆ ತಿರುಗಿಸಿ ನೆಲಕ್ಕೆ ಬಡಿಯುತ್ತಾನೆ. ನನಗೆ ಇದರಲ್ಲಿ ಬಲು ಇಷ್ಟವಾದದ್ದು ಆ ಹಿನ್ನೆಲೆ: ಊರ ಹಬ್ಬ, ಊರೆಲ್ಲ ಸೇರಿದ ಜನ, ನಡುವೆ ಕುಸ್ತಿ. ಸುತ್ತೂರಿನದೂ ಅದೇ ಏರ್ಪಾಟು. ಆಮೇಲೆ ಭೀಮ ಅಂತಃಪುರದ ಹೆಂಗಸರ ಮುಂದೆ ಸಿಂಹಗಳ ಜೊತೆಗೂ ಹೋರಾಡುತ್ತಾನೆ. ಅಂದರೆ ಆ ಕಾವ್ಯದಲ್ಲಿ ಹೆಂಗಸರು ನೋಡುವವರ ಸಾಲಿನಲ್ಲಿದ್ದಾರೆ.

ನಮ್ಮ ಅಖಾಡಗಳ ಸುತ್ತ ಹೆಂಗಸರು ತೀರಾ ಕಡಿಮೆ, ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಕೊರತೆ. ಜಾತ್ರೆಗೆ ಇಡೀ ಮನೆ ಬರುತ್ತದೆ. ಕುಸ್ತಿಯ ಹೊತ್ತಿಗೆ ಅಪ್ಪನೂ ಮಗನೂ ಈ ಕಡೆ, ಅಮ್ಮನೂ ಮಗಳೂ ಬಳೆ ಅಂಗಡಿಯ ಕಡೆ. ಮೈಸೂರು ದಸರೆಯಲ್ಲಿ ಕಂಠೀರವ, ಕೇಸರಿ, ಕುಮಾರ ಪ್ರಶಸ್ತಿಗಳ ಜೊತೆಗೆ ಹೆಣ್ಣುಮಕ್ಕಳಿಗೆಂದೇ ದಸರಾ ಕಿಶೋರಿ ಇದೆ. ಸಾಕ್ಷಿ ಮಲಿಕ್ 2016ರಲ್ಲಿ ರಿಯೊದಿಂದ ಕಂಚು ತಂದರು. ಅಖಾಡದ ಒಳಗೆ ಹೆಣ್ಣುಮಕ್ಕಳು ಬಂದಾಗಿದೆ, ಹೊರಗಿನ ಚಾಪೆಯ ಮೇಲೆ ಇನ್ನೂ ಬಂದಿಲ್ಲ. ಈ ವಿಷಯದಲ್ಲಿ ಫುಟ್‌ಬಾಲ್ ಗ್ಯಾಲರಿ ಮುಂದಿದೆ. ಕಂಠೀರವ ಕ್ರೀಡಾಂಗಣದಲ್ಲಿ ನೀಲಿ ಅಂಗಿ ತೊಟ್ಟ ತಾಯಂದಿರೂ ಹುಡುಗಿಯರೂ ಕಾಣಸಿಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಕುಸ್ತಿ ಏರ್ಪಡಿಸುವವರು ಒಂದು ಬದಿಯನ್ನು ಮನೆಮಂದಿಗೆಂದು ಹಗ್ಗ ಕಟ್ಟಿ ಬಿಟ್ಟುಕೊಟ್ಟರೆ, ಹತ್ತಿರದಲ್ಲಿ ಕುಡಿಯುವ ನೀರು ಮತ್ತು ಹೆಂಗಸರ ಶೌಚಾಲಯ ಇಟ್ಟರೆ, ಎರಡು ಮೂರು ವರ್ಷದಲ್ಲಿ ಆ ಬದಿ ತುಂಬುತ್ತದೆ.

ತಿ. ನರಸೀಪುರದ ಆ ಓದುಗರಿಗೆ ನನ್ನ ಉತ್ತರ ಹೀಗೆ. ಮೊದಲು ಸುತ್ತೂರು, ಆಮೇಲೆ ದಸರೆಯಲ್ಲಿ ಮೈಸೂರಿನ ದೊಡ್ಡಕೆರೆ ಮೈದಾನ, ಮುಂದಿನ ವರ್ಷ ಕಂಠೀರವ. ಮಗಳನ್ನು ಬಿಟ್ಟು ಹೋಗಬೇಡಿ, ಅವಳ ಅಮ್ಮನನ್ನೂ ಬಿಡಬೇಡಿ. ದಂಡ ಎಂದ ಹಿರಿಯರನ್ನು ಮೊದಲ ಸಾಲಿನಲ್ಲಿ, ಮೊಮ್ಮಗಳ ಪಕ್ಕದಲ್ಲೇ ಕೂರಿಸಿ. ಮಧ್ಯಾಹ್ನದ ಬಿಸಿಲು ಬೆನ್ನಿಗೆ ಬೀಳುವಂತೆ ಪಡುವಣ ಬದಿ ಹಿಡಿಯಿರಿ, ಮಕ್ಕಳಿಗೆ ಟೋಪಿ ಇರಲಿ, ಹುರಿಗಡಲೆಯ ಪೊಟ್ಟಣ ಕೈಯಲ್ಲಿರಲಿ. ಕೊನೆಯ ಜೋಡಿ ಮುಗಿದ ಮೇಲೂ ಸ್ವಲ್ಪ ಹೊತ್ತು ಕೂತಿದ್ದು ಬನ್ನಿ.