ಹೊಸ್ತಿಲಿನ ಮರ್ಯಾದೆ ಮತ್ತು ಬೀಡುಕಬ್ಬಿಣದ ಹಾಲ್‌ಸ್ಟ್ಯಾಂಡ್: ಒಂದು ವಿಮರ್ಶೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಪರಿಸರದ ಕಲೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಮಳಖೇಡದ ರಾಷ್ಟ್ರಕೂಟರಿಂದ, ಸನ್ನತಿಯ ಬೌದ್ಧ ಶಿಲ್ಪಗಳಿಂದ, ನಾಗಾವಿಯ ಶಾಸನಗಳಿಂದ ಆರಂಭವಾಗುತ್ತದೆ. ಇದು ಸಹಜವೇ. ಆದರೆ ಮನೆಯ ತಲಬಾಗಿಲಲ್ಲಿ ಜನರು ದಿನನಿತ್ಯ ಮುಟ್ಟಿ ಬಳಸಿದ ವಸ್ತುಗಳು ಈ ಚರ್ಚೆಯೊಳಗೆ ಬರುವುದು ವಿರಳ. ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ‘ಹಾಲ್‌ಸ್ಟ್ಯಾಂಡ್’ ಎಂಬ ಹೆಸರಿನಿಂದ ಬೆಲೆಬಾಳುವ ಬೀಡುಕಬ್ಬಿಣದ ಟೊಪ್ಪಿಗೆ-ಛತ್ರಿಗಳ ನಿಲುವನ್ನು ಈ ನಾಡಿನ ಪಡಸಾಲೆಯ ಎದುರಿಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಈ ವಸ್ತುವಿನ ತವರು ಇಂಗ್ಲೆಂಡ್. ಅಲ್ಲಿನ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಅಬ್ರಹಾಂ ಡಾರ್ಬಿ 1709ರಲ್ಲಿ ಕೋಕ್ ಬಳಸಿ ಕಬ್ಬಿಣದ ಅದಿರನ್ನು ಕರಗಿಸಿದ. ಮುಂದೆ ಬೀಡು ಅಗ್ಗವಾಗಿ, ಹತ್ತೊಂಬತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅದೇ ಊರಿನ ಕಾರ್ಖಾನೆ ಗೃಹೋಪಕರಣಗಳನ್ನೂ ಎರಕ ಹೊಯ್ಯುತ್ತಿತ್ತು. ಮರದಲ್ಲಿ ಕೆತ್ತಿದ ಮಾದರಿಯನ್ನು ಹಸಿ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಅದರಲ್ಲಿ ಕರಗಿದ ಕಬ್ಬಿಣವನ್ನು ಹೊಯ್ದರೆ ಒಂದೇ ಕೆತ್ತನೆಯಿಂದ ನೂರಾರು ಪ್ರತಿಗಳು ದೊರೆಯುತ್ತವೆ. ನಡುವೆ ಕನ್ನಡಿ, ಎರಡೂ ಬದಿಗೆ ಟೊಪ್ಪಿಗೆ ಮತ್ತು ಕೋಟುಗಳ ಕೊಕ್ಕೆ, ಕೆಳಗೆ ಛತ್ರಿ-ಬೆತ್ತಗಳಿಗೆ ಆಧಾರದ ಬಳೆ, ತೊಟ್ಟಿಕ್ಕುವ ನೀರಿಗೆ ತಟ್ಟೆ: ಇದು ಅದರ ಸಾಮಾನ್ಯ ರಚನೆ.

ಇವುಗಳ ಕಾಲನಿರ್ಣಯದಲ್ಲಿ ಎಚ್ಚರ ಅಗತ್ಯ. 1842ರಿಂದ 1883ರವರೆಗೆ ಬಳಕೆಯಲ್ಲಿದ್ದ ವಜ್ರಾಕಾರದ ನೋಂದಣಿ ಮುದ್ರೆಯು ವಿನ್ಯಾಸ ನೋಂದಣಿಯಾದ ದಿನವನ್ನು ತಿಳಿಸುತ್ತದೆಯೇ ಹೊರತು ಎರಕ ಹೊಯ್ದ ದಿನವನ್ನಲ್ಲ. ಅಧಿಕ ಚಿಹ್ನೆಯಾಕಾರದ ಸೀಳುಳ್ಳ ಸ್ಕ್ರೂಗಳು ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಅವು ಕಂಡುಬಂದರೆ ನಂತರದ ದುರಸ್ತಿ ಇಲ್ಲವೆ ನಕಲು ಎಂಬ ಅನುಮಾನ ಸಹಜ. ವ್ಯಾಪಾರಿಯ ಮಾತಿಗಿಂತ ವಸ್ತುವಿನ ಬೆನ್ನುಭಾಗವೇ ಹೆಚ್ಚು ವಿಶ್ವಾಸಾರ್ಹ ಸಾಕ್ಷಿ.

ರೂಪದ ದೃಷ್ಟಿಯಿಂದ ಈ ನಿಲುಗಳಲ್ಲಿ ಎರಡು ಪ್ರವೃತ್ತಿಗಳಿವೆ. ಕಬ್ಬಿಣವನ್ನು ಬಳ್ಳಿ, ಎಲೆ, ಮರದ ಕೊಂಬೆಯಾಗಿ ನಟಿಸುವಂತೆ ಮಾಡುವುದು ಮೊದಲನೆಯದು. ಕ್ರಿಸ್ಟೋಫರ್ ಡ್ರೆಸ್ಸರ್ ಅದೇ ಕಾರ್ಖಾನೆಗೆ ಮಾಡಿಕೊಟ್ಟ ವಿನ್ಯಾಸಗಳಂತೆ, ಸಸ್ಯರೂಪವನ್ನು ರೇಖೆ ಮತ್ತು ಕೋನಗಳಿಗೆ ಇಳಿಸುವುದು ಎರಡನೆಯದು. ಬೀಡು ಬಾಗದ, ಪೆಟ್ಟು ಬಿದ್ದರೆ ಒಡೆಯುವ ಲೋಹ. ಆ ಗುಣಕ್ಕೆ ಒಪ್ಪುವುದು ಎರಡನೆಯ ಪ್ರವೃತ್ತಿಯೇ. ಬಳುಕುವ ಬಳ್ಳಿ ಬೀಡಿನ ಬಾಯಲ್ಲಿ ಸುಳ್ಳಾಗುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಇನ್ನು ನಮ್ಮ ನಾಡಿಗೆ ಬರೋಣ. ಎರಕದ ಕಬ್ಬಿಣ ಇಲ್ಲಿಗೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ರೈಲಿನೊಂದಿಗೆ. ಮುಂಬಯಿ ಕಡೆಯ ಹಳಿ 1871ರಲ್ಲಿ ಶಹಾಬಾದ್, ವಾಡಿಗಳನ್ನು ಹಾಯ್ದು ರಾಯಚೂರಿನಲ್ಲಿ ಮದರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಆರಂಭವಾಗಿ ಚಿತ್ತಾಪುರ, ಸೇಡಂಗಳು ಆ ದಾರಿಗೆ ಸೇರಿದವು. ಚಿಂಚೋಳಿ ಮಾತ್ರ ಹಳಿಯಿಂದ ದೂರವೇ ಉಳಿಯಿತು. ನಿಲ್ದಾಣಗಳ ಕಂಬ ಮತ್ತು ಬೆಂಚಿನ ಕಾಲುಗಳಲ್ಲಿ ಬೀಡು ಭಾರ ಹೊರುವ ಲೋಹವಾಗಿ ಪರಿಚಯವಾಯಿತು. ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಗ್ಲಾಸ್ಗೋ ನಗರದಿಂದ ಬಂದ ಕಂಬಗಳದ್ದೂ ಇದೇ ಕೆಲಸ. ಕೆಲಸವಿರುವಲ್ಲಿ ಪರದೇಶದ ವಸ್ತುವಾದರೂ ನೆಲೆ ಕಂಡುಕೊಳ್ಳುತ್ತದೆ.

ಹಾಲ್‌ಸ್ಟ್ಯಾಂಡಿನ ಸಂಗತಿ ಬೇರೆ. ಅದು ಹುಟ್ಟಿದ ಮನೆಯಲ್ಲಿ ಒಳಬರುವವನು ಟೊಪ್ಪಿಗೆ ತೆಗೆಯುತ್ತಾನೆ, ಬೂಟು ತೆಗೆಯುವುದಿಲ್ಲ. ನಮ್ಮಲ್ಲಿ ಕ್ರಮ ತಿರುವುಮುರುವು. ಚಪ್ಪಲಿ ಹೊಸ್ತಿಲಾಚೆ ಉಳಿಯುತ್ತದೆ, ಕಾಲಿಗೆ ನೀರು ಕೊಡುತ್ತಾರೆ. ತಲೆಯ ರುಮಾಲು ತಲೆಯ ಮೇಲೆಯೇ ಇರುತ್ತದೆ. ಹಿರಿಯರೆದುರು ಬರಿದಲೆಯಲ್ಲಿ ನಿಲ್ಲುವುದೇ ಅಮರ್ಯಾದೆ ಎನಿಸುತ್ತಿದ್ದ ಕಾಲವದು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಶೇರವಾನಿಯೊಡನೆ ಧರಿಸುತ್ತಿದ್ದ ರೂಮಿ ಟೊಪ್ಪಿಗೆಯೂ ಬಾಗಿಲಲ್ಲಿ ಇಳಿಯುತ್ತಿರಲಿಲ್ಲ. ಅವರ ಮರ್ಯಾದೆ ತಲೆಯಲ್ಲಿ ಇಳಿದರೆ ನಮ್ಮದು ಕಾಲಿನಲ್ಲಿ ಇಳಿಯಿತು. ಹೀಗಿರುವಾಗ ಇಲ್ಲಿನ ಪಡಸಾಲೆಯಲ್ಲಿ ಅಂಥದೊಂದು ನಿಲುವನ್ನು ತಂದಿಟ್ಟರೆ ಅದಕ್ಕೆ ಉಳಿಯುವುದು ಕನ್ನಡಿಯ ಕೆಲಸ ಮತ್ತು ಅಂತಸ್ತಿನ ಪ್ರದರ್ಶನ ಮಾತ್ರ.

ನಮ್ಮ ಹೊಸ್ತಿಲಿಗೆ ತನ್ನದೇ ಪೀಠೋಪಕರಣವಿಲ್ಲವೆ? ಇದೆ, ಆದರೆ ಅದು ಗೋಡೆಯಿಂದ ಬೇರೆಯಾಗಿ ನಿಲ್ಲುವುದಿಲ್ಲ. ಪದರು ಪದರಾಗಿ ಏಳುವ ಶಹಾಬಾದಿನ ಫರ್ಸಿಯೇ ನೆಲ, ಫರ್ಸಿಯೇ ಮಾಳಿಗೆ, ಬಂದವರು ಕೂಡುವ ಕಟ್ಟೆಯೂ ಫರ್ಸಿಯೇ. ದೀಪಕ್ಕೆ ಗೋಡೆಯಲ್ಲಿ ಮಾಡ, ತೊಯ್ದ ಕಂಬಳಿಯ ಕೊಪ್ಪೆಗೆ ಮರದ ಗೂಟ. ಹಾಲ್‌ಸ್ಟ್ಯಾಂಡ್ ಮಾಡುವ ಕೆಲಸಗಳನ್ನು ಈ ಮೂರು ಹಂಚಿಕೊಂಡಿವೆ. ಇವುಗಳಲ್ಲಿ ಅಲಂಕಾರ ಕಡಿಮೆ, ಔಚಿತ್ಯ ಪೂರ್ಣ.

ಈ ಹೋಲಿಕೆ ಕೇವಲ ರಸವಿಚಾರವಲ್ಲ. ನಿಲುವನ್ನು ಜಾಗದಿಂದ ಜಾಗಕ್ಕೆ ಸಾಗಿಸಬಹುದು, ಮಾರಬಹುದು. ಆದ್ದರಿಂದ ಅದು ಉಳಿದೀತು. ತೂಕಕ್ಕೆ ಗುಜರಿ ಸೇರದಿದ್ದರೆ ಯಾರದೋ ಹೊಸ ಬಂಗಲೆಯ ಮುಂಬಾಗಿಲಲ್ಲಿ ಗೌರವದಿಂದ ನಿಂತೀತು. ಕಟ್ಟೆ, ಮಾಡ, ಗೂಟಗಳಿಗೆ ಆ ಭಾಗ್ಯವಿಲ್ಲ. ಮನೆ ಕೆಡವಿದ ದಿನ ಅವೂ ಹೋದವು. ಬೆಲೆ ಇರುವುದನ್ನಷ್ಟೇ ಪ್ರಾಚೀನವೆಂದು ಕರೆಯುವ ಮಾರುಕಟ್ಟೆಯ ದೃಷ್ಟಿಯನ್ನು ಸಂಶೋಧನೆಯೂ ಅನುಸರಿಸಿದರೆ ಸೇಡಂ-ಚಿಂಚೋಳಿಗಳ ಪಡಸಾಲೆಯ ಚರಿತ್ರೆಗೆ ಪುರಾವೆಯೇ ಉಳಿಯದು. ಬೀಡಿನ ವಸ್ತುವಿಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. ಆದರೆ ಅಳತೆಪಟ್ಟಿ, ಛಾಯಾಚಿತ್ರ ಹಾಗೂ ಮನೆಯ ಹಿರಿಯರ ಮಾತುಗಳೊಂದಿಗೆ ಮೊದಲು ದಾಖಲಾಗಬೇಕಾದದ್ದು, ಸಾಗಿಸಲು ಬಾರದ ಆ ಫರ್ಸಿಯ ಕಟ್ಟೆ.