ಗಿರೀಂದ್ರಶೇಖರ ಬೋಸ್ ಮತ್ತು ಕಲ್ಕತ್ತೆಯ ಮನೋವಿಶ್ಲೇಷಣಾ ಪಂಥ

ಭಾರತದಲ್ಲಿ ಮನೋವಿಶ್ಲೇಷಣೆಯನ್ನು ಚಿಕಿತ್ಸೆಯಾಗಿ ನೆಲೆಗೊಳಿಸಿದ ಮೊದಲಿಗರು ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸ್ (1887–1953). ಬಂಗಾಳಿ ಹಾಸ್ಯ ಸಾಹಿತಿ ರಾಜಶೇಖರ ಬೋಸ್ ಇವರ ಅಣ್ಣ. ಹುಡುಗನಾಗಿದ್ದಾಗಿನಿಂದಲೂ ಗಿರೀಂದ್ರಶೇಖರರಿಗೆ ಜಾದೂ ಮತ್ತು ಸಮ್ಮೋಹನ ವಿದ್ಯೆಗಳಲ್ಲಿ ಆಸಕ್ತಿಯಿತ್ತು. 1910ರಲ್ಲಿ ವೈದ್ಯಕೀಯ ಪದವಿ ಪಡೆದು ಸಾಮಾನ್ಯ ವೈದ್ಯರಾಗಿ ವೃತ್ತಿ ಆರಂಭಿಸಿದ ಅವರು, ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಅವರ ಕೃತಿಗಳ ಇಂಗ್ಲಿಷ್ ಅನುವಾದಗಳು ಸರಿಯಾಗಿ ಕೈಗೆ ಸಿಗುವ ಮೊದಲೇ ಮನೋರೋಗಿಗಳೊಡನೆ ತಮ್ಮದೇ ರೀತಿಯಲ್ಲಿ ಕೆಲಸ ಮಾಡತೊಡಗಿದ್ದರು. ಜೊತೆಗೇ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ, 1921ರಲ್ಲಿ ದಮನದ ಪರಿಕಲ್ಪನೆಯನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಪುಸ್ತಕವಾಗಿ ಬಂದ ಆ ಪ್ರಬಂಧವನ್ನು ವಿಯೆನ್ನಾಕ್ಕೆ ಕಳಿಸಿದ್ದೇ ಫ್ರಾಯ್ಡ್ ಜೊತೆಗಿನ ಪತ್ರವ್ಯವಹಾರಕ್ಕೆ ನಾಂದಿಯಾಯಿತು. 1937ರವರೆಗೆ ನಡೆದ ಈ ಸಂವಾದದಲ್ಲಿ ಇಬ್ಬರೂ ಒಮ್ಮೆಯೂ ಮುಖಾಮುಖಿಯಾಗಲಿಲ್ಲ.

1922ರಲ್ಲಿ ಬೋಸ್ ಅವರ ಮನೆಯಲ್ಲಿ, ಅಂದರೆ 14, ಪಾರ್ಸಿಬಗಾನ್ ಲೇನ್‌ನಲ್ಲಿ, ಭಾರತೀಯ ಮನೋವಿಶ್ಲೇಷಣಾ ಸಂಘ ಹುಟ್ಟಿತು. ಅದೇ ವರ್ಷ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘದ ಮಾನ್ಯತೆಯೂ ದೊರೆಯಿತು. ಪ್ಯಾರಿಸ್‌ನ ಸಂಘ ಹುಟ್ಟಿದ್ದು ಇದಾದ ನಾಲ್ಕು ವರ್ಷಗಳ ಮೇಲೆ ಎಂಬುದನ್ನು ನೆನೆದರೆ ಕಲ್ಕತ್ತೆಯ ಈ ಗುಂಪಿನ ಉತ್ಸಾಹ ಎಷ್ಟಿತ್ತೆಂದು ತಿಳಿಯುತ್ತದೆ. 1933ರಲ್ಲಿ ಕಾರ್ಮೈಕೆಲ್ ವೈದ್ಯಕೀಯ ಕಾಲೇಜಿನಲ್ಲಿ ಮನೋರೋಗಿಗಳಿಗೆ ಹೊರರೋಗಿ ವಿಭಾಗ ತೆರೆಯಿತು. 1940ರಲ್ಲಿ ಲುಂಬಿನಿ ಪಾರ್ಕ್ ಆಸ್ಪತ್ರೆ, 1947ರಲ್ಲಿ ‘ಸಮೀಕ್ಷಾ’ ಎಂಬ ಪತ್ರಿಕೆ ಆರಂಭವಾದವು. ಹುಚ್ಚಾಸ್ಪತ್ರೆಯೆಂದರೆ ಗೋಡೆ ಮತ್ತು ಸರಪಳಿ ಎಂದೇ ಜನ ತಿಳಿದಿದ್ದ ಕಾಲದಲ್ಲಿ ರೋಗಿಯ ಮಾತಿಗೆ ಕಿವಿಗೊಡುವ ಇಷ್ಟೊಂದು ಜಾಗಗಳು ಒಂದೇ ನಗರದಲ್ಲಿ ಎದ್ದು ನಿಂತದ್ದು ಸಣ್ಣ ಸಂಗತಿಯಲ್ಲ.

ಬೋಸ್ ಫ್ರಾಯ್ಡ್ ಹೇಳಿದ್ದನ್ನು ಒಪ್ಪಿಸಿದ ಶಿಷ್ಯರಲ್ಲ. ಅವರ ಸ್ವಂತ ಸಿದ್ಧಾಂತ ವಿರುದ್ಧ ಬಯಕೆಗಳದ್ದು. ಪ್ರತಿಯೊಂದು ಬಯಕೆಯ ಬೆನ್ನಿಗೂ ಅದಕ್ಕೆ ಎದುರಾದ ಇನ್ನೊಂದು ಬಯಕೆ ಇರುತ್ತದೆ. ಹೊಡೆಯಬೇಕೆನ್ನುವವನ ಒಳಗೆ ಹೊಡೆಸಿಕೊಳ್ಳಬೇಕೆಂಬ ಆಸೆಯೂ ಅಡಗಿರುತ್ತದೆ. ಒಂದು ತೃಪ್ತಿಯಾದಂತೆ ಇನ್ನೊಂದು ತಕ್ಕಡಿಯ ತಟ್ಟೆಯಂತೆ ಮೇಲೇಳುತ್ತದೆ. ಚಿಕಿತ್ಸೆಯ ವಿಧಾನವೂ ಇದರಿಂದಲೇ ಹುಟ್ಟಿತು. ರೋಗಿ ತನ್ನನ್ನು ಮೊದಲು ಕ್ರಿಯೆ ಮಾಡುವವನ ಜಾಗದಲ್ಲಿ, ಆಮೇಲೆ ಅದನ್ನು ಅನುಭವಿಸುವವನ ಜಾಗದಲ್ಲಿ ಕಲ್ಪಿಸಿಕೊಳ್ಳಬೇಕು. ಹೀಗೆ ಮತ್ತೆ ಮತ್ತೆ ಬದಲಾಯಿಸುತ್ತ ಹೋದರೆ ಅದುಮಿಟ್ಟ ಬಯಕೆ ಹೊರಬರುತ್ತದೆ ಎಂಬುದು ಬೋಸ್ ನಂಬಿಕೆ. ವಿಯೆನ್ನಾದ ವಿಶ್ಲೇಷಕ ಹೆಚ್ಚಾಗಿ ಮೌನವಾಗಿದ್ದು ಕಾಯುತ್ತಿದ್ದರೆ, ಕಲ್ಕತ್ತೆಯ ವಿಶ್ಲೇಷಕ ಸೂಚನೆ ಕೊಟ್ಟು ದಾರಿ ತೋರಿಸುತ್ತಿದ್ದ. ಗುರುವಿನಿಂದ ಉಪದೇಶ ಬಯಸಿ ಬರುವ ರೋಗಿಗೆ ಇದು ಹತ್ತಿರದ್ದೆನಿಸಿರಬೇಕು.

ಈಡಿಪಸ್ ವಿಚಾರದಲ್ಲಿ, ಅಂದರೆ ತಾಯಿಯನ್ನು ಬಯಸಿ ತಂದೆಯೊಡನೆ ಪೈಪೋಟಿಗಿಳಿಯುವ ಮಗನ ಬಯಕೆಯ ವಿಚಾರದಲ್ಲಿ, ಭಿನ್ನಾಭಿಪ್ರಾಯ ಇನ್ನೂ ಆಳವಾದದ್ದು. ತಂದೆಯ ಭಯಕ್ಕೆ ಮಣಿದು, ಅವನ ಅಧಿಕಾರವನ್ನು ಒಳಗೆ ತಂದುಕೊಂಡಾಗ ಮಗನ ಈಡಿಪಸ್ ಬಯಕೆ ತಣಿಯುತ್ತದೆ ಎಂದು ಫ್ರಾಯ್ಡ್ ವಾದ. ಬೋಸ್ ಇದನ್ನು ತಿರುಗಿಸಿದರು: ಆ ಅಧಿಕಾರವನ್ನು ಗೆಲ್ಲಬೇಕು, ಕಲ್ಪನೆಯಲ್ಲಿ ತಂದೆಯನ್ನೇ ಹೆಣ್ಣಾಗಿಸುವಷ್ಟು ಶಕ್ತಿ ಮಗನಿಗೆ ಬರಬೇಕು, ಆಗಲೇ ಗಂಟು ಬಿಚ್ಚುವುದು. ಭಾರತೀಯ ಗಂಡು ರೋಗಿಗಳಲ್ಲಿ ಶಿಶ್ನಚ್ಛೇದದ ಭೀತಿ ಯುರೋಪಿನವರಲ್ಲಿ ಕಾಣುವಷ್ಟು ತೀವ್ರವಾಗಿಲ್ಲ, ಹೆಣ್ಣಾಗಬೇಕೆಂಬ ಆಸೆ ಸುಲಭವಾಗಿ ಹೊರಬರುತ್ತದೆ ಎಂದು 1929ರಲ್ಲಿ ಅವರು ಫ್ರಾಯ್ಡ್‌ಗೆ ಬರೆದರು. ಇದು ರೋಗಿಗಳ ಪಕ್ಕ ಕೂತು ಕಂಡುಕೊಂಡ ಮಾತು. ವಸಾಹತಿನ ವೈದ್ಯನೊಬ್ಬ ಯುರೋಪಿನ ಜ್ಞಾನವನ್ನು ತನ್ನ ಅನುಭವದ ಬಲದಿಂದ ತಿದ್ದಲು ಹೊರಟ ಧೈರ್ಯದ ಮಾತು. ಫ್ರಾಯ್ಡ್ ಸೌಜನ್ಯದಿಂದ ಉತ್ತರಿಸಿದರಾದರೂ ಅದು ಅವರ ಸಿದ್ಧಾಂತದೊಳಕ್ಕೆ ಇಳಿಯಲಿಲ್ಲ. ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ, 1931ರಲ್ಲಿ, ಕಲ್ಕತ್ತೆಯ ಸಂಘ ಕಳಿಸಿದ ದಂತದ ವಿಷ್ಣು ವಿಗ್ರಹಕ್ಕೆ ಅವರ ಮೇಜಿನ ಮೇಲೆ ಜಾಗ ಸಿಕ್ಕಿತು. ಬೋಸ್ ಅವರ ವಾದಕ್ಕೆ ಅಂಥ ಜಾಗ ಸಿಗಲಿಲ್ಲ.

ಆದರೆ ಪಂಥ ಮುಂದೆ ಕುಗ್ಗಿದ್ದಕ್ಕೆ ಯುರೋಪಿನ ಉದಾಸೀನವೊಂದೇ ಕಾರಣವೆನ್ನಲಾಗದು. ಬೋಸ್ ತಮ್ಮನ್ನು ತಾವೇ ವಿಶ್ಲೇಷಿಸಿಕೊಂಡವರು. ಮತ್ತೊಬ್ಬರ ಎದುರು ರೋಗಿಯಾಗಿ ಕೂತವರಲ್ಲ. ಕಲ್ಕತ್ತೆಯ ಮೊದಲ ತಲೆಮಾರಿನ ವಿಶ್ಲೇಷಕರು ತಯಾರಾದದ್ದು ಅವರ ಕೈಯಲ್ಲಿ, ಮತ್ತು 1922ರಿಂದ ಸಾಯುವವರೆಗೂ ಸಂಘದ ಅಧ್ಯಕ್ಷರೂ ಅವರೇ. ಗುರುವನ್ನು ಪ್ರಶ್ನಿಸುವ ಶಿಷ್ಯ ಅಂಥ ಮನೆಯಲ್ಲಿ ಬೆಳೆಯುವುದು ಕಷ್ಟ. ತಂದೆಯ ಅಧಿಕಾರವನ್ನು ಗೆಲ್ಲಬೇಕೆಂದು ಬರೆದವರ ಸಂಘದಲ್ಲೇ ಆ ಗೆಲುವಿಗೆ ಎಡೆಯಿರಲಿಲ್ಲ. ಬಂದ ಸದಸ್ಯರೂ ಬಹುಪಾಲು ಮೇಲ್ಜಾತಿಯ, ಇಂಗ್ಲಿಷ್ ಕಲಿತ ಬಂಗಾಳಿ ಭದ್ರಲೋಕದವರು. ಆ ವರ್ಗದ ಗಂಡಸರಲ್ಲಿ ಕಂಡದ್ದನ್ನು ಇಡೀ ಭಾರತದ ಮನಸ್ಸೆಂದು ಹೇಳಲು ಎಷ್ಟು ಆಧಾರವಿತ್ತು ಎಂಬ ಪ್ರಶ್ನೆ ಸಂಘದೊಳಗೆ ಗಟ್ಟಿಯಾಗಿ ಏಳಲೇ ಇಲ್ಲ.

ಇನ್ನೊಂದು ಮೌನ ಇದಕ್ಕಿಂತ ನೋವಿನದು. ಸಂಘದ ಆರಂಭದ ಸದಸ್ಯರಲ್ಲಿ ರಾಂಚಿಯ ಯುರೋಪಿಯನ್ ಮನೋರೋಗಾಸ್ಪತ್ರೆಯ ಓವನ್ ಬರ್ಕ್ಲಿ-ಹಿಲ್ ಮತ್ತು ಸೇನಾಧಿಕಾರಿ ಕ್ಲಾಡ್ ಡೇಲಿ ಇದ್ದರು. ಹಿಂದೂಗಳ ಧರ್ಮ, ಗುಣಸ್ವಭಾವ, ಕ್ರಾಂತಿಕಾರಿ ರಾಜಕೀಯ ಎಲ್ಲವನ್ನೂ ಇವರು ರೋಗಲಕ್ಷಣಗಳಂತೆ ವಿಶ್ಲೇಷಿಸಿ ಬರೆದರು. ಆಳುವವರ ಮನಸ್ಸನ್ನು ಅದೇ ಉಪಕರಣದಿಂದ ತೆರೆದು ನೋಡುವ ಅವಕಾಶ ಕಲ್ಕತ್ತೆಯವರಿಗೆ ಇತ್ತು. ಆ ಕೆಲಸಕ್ಕೆ ಅವರು ಕೈಹಾಕಲಿಲ್ಲ.

ಬೋಸ್ ಅವರ ಬರವಣಿಗೆಯಲ್ಲೂ ಒಂದು ಒಡಕಿದೆ. ಇಂಗ್ಲಿಷಿನಲ್ಲಿ ಅವರು ಪ್ರಯೋಗನಿಷ್ಠ ವಿಜ್ಞಾನಿ. ಬಂಗಾಳಿಯಲ್ಲಿ ಕನಸುಗಳನ್ನು ಕುರಿತ ‘ಸ್ವಪ್ನ’, ಪುರಾಣಗಳ ಕಾಲನಿರ್ಣಯದ ‘ಪುರಾಣ ಪ್ರವೇಶ’, ಗೀತೆಯ ವ್ಯಾಖ್ಯಾನ, ಮಕ್ಕಳ ಕತೆ ಎಲ್ಲವನ್ನೂ ಬರೆದರು. ಬಯಕೆಯ ಕೊನೆಯ ಗುರಿ ಬಯಸುವವನೂ ಬಯಸಿದ್ದೂ ಒಂದಾಗುವುದು ಎಂಬ ಅವರ ಮಾತಿನಲ್ಲಿ ವೇದಾಂತದ ನೆರಳು ಸ್ಪಷ್ಟವಾಗಿದ್ದರೂ ಈ ಎರಡು ಲೋಕಗಳನ್ನು ಅವರು ಬೆಸೆದು ತೋರಿಸಲಿಲ್ಲ. ಬೆಸೆದಿದ್ದರೆ ಪಂಥಕ್ಕೆ ಸ್ವಂತ ಬೇರು ಸಿಗುತ್ತಿತ್ತು.

1953ರ ನಂತರ ಕಲ್ಕತ್ತೆಯ ಪ್ರಭಾವ ಇಳಿಯತೊಡಗಿತು. ಮರುವರ್ಷ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ, ಅಂದರೆ ಇಂದಿನ ನಿಮ್ಹಾನ್ಸ್‌ನ ಪೂರ್ವರೂಪ, ಆರಂಭವಾಯಿತು. ಅಲ್ಲಿನ ಮನೋವೈದ್ಯ ಎನ್. ಸಿ. ಸೂರ್ಯ ಅವರು ಸಹಲೇಖಕ ಜಯರಾಮ್ ಅವರೊಡನೆ 1964ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಭಾರತೀಯ ರೋಗಿ ಒಳಮನಸ್ಸಿನ ವಿವರಣೆಗಿಂತ ನೇರ ಆಸರೆಯನ್ನು ಬೇಗ ಒಪ್ಪುತ್ತಾನೆ, ಪಶ್ಚಿಮದ ಚಿಕಿತ್ಸೆಯನ್ನು ಹಾಗೆಯೇ ತಂದರೆ ನಡೆಯದು ಎಂದು ವಾದಿಸಿದರು. ಬೋಸ್ ಎತ್ತಿದ್ದ ಸಂದೇಹವೇ ಬೇರೆ ದಾರಿಯಿಂದ ಇಲ್ಲಿ ಮರಳಿತ್ತು. ಮುಂದೆ ಮನೋವಿಶ್ಲೇಷಕ ಸುಧೀರ್ ಕಾಕರ್, 1978ರ ‘ದಿ ಇನ್ನರ್ ವರ್ಲ್ಡ್’ ಕೃತಿಯಿಂದ ಮೊದಲುಗೊಂಡು, ಭಾರತೀಯ ಗಂಡಸಿನ ಮನಸ್ಸಿನಲ್ಲಿ ತಾಯಿಯ ಪ್ರಾಬಲ್ಯವನ್ನು ವಿಸ್ತಾರವಾಗಿ ಚರ್ಚಿಸಿ, ಅದೇ ಹಾದಿಯಲ್ಲಿ ಬೋಸ್ ಅವರ ರೋಗಿಗಳ ದಾಖಲೆಗಳತ್ತಲೂ ಓದುಗರ ಗಮನ ಸೆಳೆದರು.