ಒಂದೇ ಚಿಪ್ ಕೊಂಡವರ ಪ್ರಶ್ನೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಒಂದು ಐಸಿ ಕೊಂಡು ಮನೆಯಲ್ಲಿ ಸರ್ಕ್ಯೂಟ್ ಕಟ್ಟುವ ಹವ್ಯಾಸಿ, ಅದನ್ನು ತಯಾರಿಸಿದ ಕಂಪನಿಯ ತಾಂತ್ರಿಕ ನೆರವು ಕೇಳಬಹುದೇ? ಲಕ್ಷಗಟ್ಟಲೆ ಚಿಪ್ ಕೊಳ್ಳುವ ಗಿರಾಕಿಯ ಬಳಿಗೆ ಅಪ್ಲಿಕೇಶನ್ ಎಂಜಿನಿಯರ್ ಖುದ್ದಾಗಿ ಹೋಗುತ್ತಾರೆ. ಹವ್ಯಾಸಿಯ ಪತ್ರಕ್ಕೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ಎಂಜಿನಿಯರ್‌ನ ಒಂದು ಗಂಟೆಯ ಸಂಬಳ ಆ ಚಿಪ್ಪಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು; ಕಂಪನಿಯ ಲೆಕ್ಕ ಅರ್ಥವಾಗುವಂಥದ್ದೇ. ಆದರೂ ಈ ಲೆಕ್ಕದಿಂದ ಕಂಪನಿಗೂ ನಷ್ಟವಿದೆ ಎಂಬುದು ನನ್ನ ವಾದ.

ಅಮೆರಿಕದ ಚಿಪ್ ಉದ್ಯಮದಲ್ಲಿ ಬೇರೆಯದೇ ಒಂದು ಪರಂಪರೆ ಇತ್ತು. ನ್ಯಾಷನಲ್ ಸೆಮಿಕಂಡಕ್ಟರ್‌ನ ಬಾಬ್ ಪೀಸ್ ತಮ್ಮ ಪತ್ರಿಕಾ ಅಂಕಣದ ಕೊನೆಯಲ್ಲಿ ವಿಳಾಸ ಕೊಟ್ಟು ಓದುಗರ ಪತ್ರಗಳನ್ನು ಆಹ್ವಾನಿಸುತ್ತಿದ್ದರು. ಲೀನಿಯರ್ ಟೆಕ್ನಾಲಜಿಯ ಜಿಮ್ ವಿಲಿಯಮ್ಸ್ 1991ರಲ್ಲಿ ಬರೆದ 47ನೇ ಅಪ್ಲಿಕೇಶನ್ ನೋಟ್ ಅನ್ನು ಇವತ್ತಿಗೂ ಯಾರು ಬೇಕಾದರೂ ಓದಬಹುದು. ಪ್ರೋಬ್‌ನ ಗ್ರೌಂಡ್ ಸರಿಯಿಲ್ಲದಿದ್ದರೆ ಆಸಿಲೋಸ್ಕೋಪ್ ತೆರೆಯ ಮೇಲೆ ತರಂಗ ಹೇಗೆ ಕೆಡುತ್ತದೆ ಎಂಬುದನ್ನು ಅವರು ಚಿತ್ರಸಮೇತ ತೋರಿಸಿದ್ದಾರೆ. ಗಿರಾಕಿಗಳು ಕೇಳುವ ಮೊದಲೇ ಕೊಟ್ಟ ಉತ್ತರ ಅದು.

ಈ ಪರಂಪರೆಗೆ ಹತ್ತಿರದ ಇತ್ತೀಚಿನ ಉದಾಹರಣೆ ರಾಸ್ಪ್‌ಬೆರಿ ಪೈ ಸಂಸ್ಥೆಯ ಆರ್‌ಪಿ2350. 2024ರ ಆಗಸ್ಟ್‌ನಲ್ಲಿ ಬಂದ ಈ ಚಿಪ್ಪಿನಲ್ಲಿ ಬಸ್ ಪೈರೇಟ್ ಎಂಬ ಮುಕ್ತ ವಿನ್ಯಾಸದ ಸಾಧನ ಕಟ್ಟುತ್ತಿದ್ದವರು ಒಂದು ವಿಚಿತ್ರ ಕಂಡರು. ಒಳಗಿನ ಪುಲ್-ಡೌನ್ ಹಾಕಿದ ಇನ್‌ಪುಟ್ ಪಿನ್ನು, ಸಿಗ್ನಲ್ ಬಿಟ್ಟ ಮೇಲೂ ಸೊನ್ನೆಗೆ ಇಳಿಯದೆ ಸುಮಾರು 2.2 ವೋಲ್ಟ್‌ನಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸಂಸ್ಥೆ ದೋಷವನ್ನು ಇ9 ಎಂಬ ಸಂಖ್ಯೆಯಡಿ ಡೇಟಾಶೀಟ್‌ನಲ್ಲೇ ಪ್ರಕಟಿಸಿತು. ಹೊರಗಿನಿಂದ 8.2 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆಯ ರೆಸಿಸ್ಟರ್ ಹಾಕಿ ಎಂದು ಪರಿಹಾರವನ್ನೂ ಸೂಚಿಸಿತು. 2025ರ ಪರಿಷ್ಕೃತ ಚಿಪ್‌ನಲ್ಲಿ ದೋಷ ಹೋಯಿತು. ಸಣ್ಣ ತಯಾರಕರು ಹಿಡಿದ ತಪ್ಪಿನಿಂದ ದೊಡ್ಡ ಗಿರಾಕಿಗಳೂ ಬಚಾವಾದರು.

ಇದಕ್ಕೆ ತದ್ವಿರುದ್ಧವಾದದ್ದು ಯುಎಸ್‌ಬಿ ಚಿಪ್ ತಯಾರಿಸುವ ಎಫ್‌ಟಿಡಿಐ ಕಂಪನಿಯ ಪ್ರಕರಣ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಅದರ ಡ್ರೈವರ್, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿ ಅವುಗಳನ್ನು ನಿಷ್ಕ್ರಿಯಗೊಳಿಸಿತು. ನಕಲಿ ಚಿಪ್ ಮಾಡಿದವರ ಮೇಲೆ ಕಂಪನಿಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಪೆಟ್ಟು ಬಿದ್ದದ್ದು ಅಸಲಿ, ನಕಲಿ ಯಾವುದೆಂದು ತಿಳಿಯದೆ ಕೊಂಡವರಿಗೆ. ವಿರೋಧ ಜೋರಾದ ಮೇಲೆ ಡ್ರೈವರ್ ವಾಪಸಾಯಿತು, ಹೋದ ವಿಶ್ವಾಸ ಮಾತ್ರ ಅಷ್ಟು ಸುಲಭವಾಗಿ ಮರಳಲಿಲ್ಲ.

ಹವ್ಯಾಸಿಗಳ ಮೇಲೂ ಹೊಣೆಯಿದೆ. 7805 ರೆಗ್ಯುಲೇಟರ್‌ಗೆ 6 ವೋಲ್ಟ್ ಕೊಟ್ಟು, 5 ವೋಲ್ಟ್ ಬರುತ್ತಿಲ್ಲವೆಂದು ದೂರುವವರಿದ್ದಾರೆ. ಇನ್‌ಪುಟ್ ಔಟ್‌ಪುಟ್‌ಗಿಂತ ಸುಮಾರು 2 ವೋಲ್ಟ್ ಹೆಚ್ಚಿರಬೇಕು ಎಂಬುದು ಡೇಟಾಶೀಟ್‌ನಲ್ಲೇ ಇದೆ. ಸರ್ಕ್ಯೂಟ್‌ನ ನಕ್ಷೆ, ಸಪ್ಲೈ ವೋಲ್ಟೇಜು, ಅಳೆದ ಅಂಕಿ ಯಾವುದನ್ನೂ ಕೊಡದೆ "ಕೆಲಸ ಮಾಡ್ತಿಲ್ಲ, ಯಾಕೆ?" ಎಂದರೆ ಎಂಥ ಎಂಜಿನಿಯರೂ ಸುಸ್ತಾಗುತ್ತಾರೆ.

ಪ್ರತಿಯೊಬ್ಬರಿಗೂ ಖುದ್ದು ಉತ್ತರ ಬರೆಯಿರಿ ಎಂದು ಕಂಪನಿಗಳನ್ನು ಕೇಳುವುದು ಅತಿಯಾದೀತು. ಡೇಟಾಶೀಟು, ದೋಷಪಟ್ಟಿ, ಮಾದರಿ ಸರ್ಕ್ಯೂಟುಗಳನ್ನು ಯಾವ ಕರಾರೂ ಇಲ್ಲದೆ, ಕಂಪನಿಯ ಇಮೇಲ್ ಕೇಳದೆ ಮುಕ್ತವಾಗಿಡಿ ಎಂಬ ಬೇಡಿಕೆ ಮಾತ್ರ ಅತಿಯಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಬೆಂಗಳೂರು ಚಿಪ್ ವಿನ್ಯಾಸದ ಊರಾಗಿ ಬೆಳೆದಿದೆ. ಇಲ್ಲಿನ ವಿನ್ಯಾಸ ಕೇಂದ್ರಗಳು ಹವ್ಯಾಸಿಗಳಿಗೂ ವಿದ್ಯಾರ್ಥಿಗಳಿಗೂ ತಿಂಗಳಿಗೊಂದು ಸಂಜೆ ಬಾಗಿಲು ತೆರೆಯಲಿ. ಇಂದು ಒಂದು ಚಿಪ್ ಕೊಂಡು ಪ್ರಶ್ನೆ ಕೇಳುವ ಹುಡುಗಿಯೇ ನಾಳೆ ಯಾವ ಕಂಪನಿಯ ಚಿಪ್ ಲಕ್ಷಗಟ್ಟಲೆ ಕೊಳ್ಳಬೇಕೆಂದು ನಿರ್ಧರಿಸುವ ಎಂಜಿನಿಯರ್ ಆಗಬಹುದು.